ಪುಷ್ಯ ಮಳೆಯ ರಾತ್ರಿ, ಮೂರು ತಾಲ್ಲೂಕಿನ ಲೆಕ್ಕ

“ಲಾಗೌಟ್ ಮಾಡ್ಬೇಡಿ! ಯಾರೂ ಲಾಗೌಟ್ ಮಾಡ್ಬೇಡಿ!”

ಹಂಚಿನ ಮೇಲೆ ಬೀಳುತ್ತಿದ್ದ ಪುಷ್ಯ ಮಳೆಯ ಆರ್ಭಟದಲ್ಲಿ ನನ್ನ ಕೂಗು ಕೌಂಟರಿನ ತನಕ ಮುಟ್ಟಿತೋ ಇಲ್ಲವೋ. ಕ್ಯಾಷಿಯರ್ ಮಾತ್ರ ಮೌಸಿನಿಂದ ಕೈ ತೆಗೆದು, ಎರಡೂ ಕೈ ಮೇಲೆತ್ತಿ ಕುಳಿತುಬಿಟ್ಟರು. ಕೊಪ್ಪದ ಆ ಸಹಕಾರ ಸಂಘದ ಕಚೇರಿಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿದಿತ್ತು. ಹಿರಿಯ ಗುಮಾಸ್ತರು ಸಾಲಗಾರರ ಪಟ್ಟಿ ತೆರೆದಿದ್ದ ಪರದೆಗೆ ಬೆರಳು ಹಚ್ಚಿ ಹೇಳಿದರು: “ಈ ಸಾಲ ಇವರದ್ದಲ್ಲ ಮಾರಾಯ್ರೆ. ಇವರು ಶೃಂಗೇರಿ ಕಡೆಯವರು. ನಮ್ಮಲ್ಲಿ ಒಂದು ರೂಪಾಯಿ ಸಾಲ ತಗೊಂಡವರಲ್ಲ.”

ಮುಂದಿನ ಹೆಸರು ನೋಡಿದೆವು. ಅದೂ ಶೃಂಗೇರಿಯದು. ಅದರ ಮುಂದಿನದೂ ಅಷ್ಟೇ. ಸಾಲದ ಮೊತ್ತ ಸರಿ, ತಾರೀಖು ಸರಿ, ಬಡ್ಡಿ ಸರಿ. ಹೆಸರು ಮಾತ್ರ ಒಂದೂ ಸರಿಯಿಲ್ಲ. ಕೊಪ್ಪದ ರೈತರ ಬೆಳೆ ಸಾಲವೆಲ್ಲ ಶೃಂಗೇರಿಯ ಅಡಿಕೆ ಬೆಳೆಗಾರರ ತಲೆ ಮೇಲೆ ಕುಳಿತಿತ್ತು. ಪರದೆಯಲ್ಲಿ ಒಂದು ಎಚ್ಚರಿಕೆಯಿಲ್ಲ, ಒಂದು ಕೆಂಪು ಅಕ್ಷರವಿಲ್ಲ.

ನನ್ನ ಕೈಕಾಲು ತಣ್ಣಗಾದವು. ತಪ್ಪು ಉತ್ತರವನ್ನು ಸರಿ ಉತ್ತರದ ಗತ್ತಿನಲ್ಲೇ ಕೊಡುವ ಡೇಟಾಬೇಸ್ ಕೆಟ್ಟುನಿಂತ ಡೇಟಾಬೇಸ್‌ಗಿಂತ ಅಪಾಯಕಾರಿ. ಕೆಟ್ಟದ್ದನ್ನು ಜನ ಬಳಸುವುದು ನಿಲ್ಲಿಸುತ್ತಾರೆ, ಇದನ್ನು ನಂಬಿ ನೋಟೀಸು ಕಳಿಸುತ್ತಾರೆ.

ಆಗಿದ್ದು ಇಷ್ಟು. ಒಂದೇ ಸಂಸ್ಥೆಗೆ ಮೂರು ತಾಲ್ಲೂಕಿನಲ್ಲಿ ಮೂರು ಕಚೇರಿ, ಮೂರರಲ್ಲೂ ಬೇರೆ ಬೇರೆಯವರು ಬರೆದ ತಂತ್ರಾಂಶ. ಕೊಪ್ಪದಲ್ಲಿ ಬೆಳೆ ಸಾಲ, ಶೃಂಗೇರಿಯಲ್ಲಿ ಅಡಿಕೆ ವಹಿವಾಟು, ನರಸಿಂಹರಾಜಪುರದಲ್ಲಿ ಗೊಬ್ಬರ ಮತ್ತು ಮೈಲುತುತ್ತದ ದಾಸ್ತಾನು. ಮೂರನ್ನೂ ಕೊಪ್ಪದ ಒಂದೇ ಸರ್ವರಿಗೆ ತರಬೇಕು, ಒಂದೇ ಡೇಟಾಬೇಸ್‌ನಲ್ಲಿ ಇಡಬೇಕು, ಆಗ ವರದಿ ತೆಗೆಯಲು ಸುಲಭ ಎಂದು ತೀರ್ಮಾನವಾಗಿತ್ತು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಗುತ್ತಿಗೆ ಕಂಪನಿಯ ಹುಡುಗ ಶೃಂಗೇರಿಯ ಡೇಟಾವನ್ನು ತಂದು ಕೊಪ್ಪದ ಡೇಟಾಬೇಸ್‌ಗೆ ಸುರಿದಿದ್ದ. ಎರಡರಲ್ಲೂ ‘ಮೆಂಬರ್ಸ್’ ಎಂಬ ಟೇಬಲ್ ಇತ್ತು. ‘ರಿಸೀಟ್ಸ್’ ಇತ್ತು. ‘ಯೂಸರ್ಸ್’ ಕೂಡ ಇತ್ತು.

ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. “ಅಣ್ಣ, ನಾನು ಹೋಲಿಸಿ ನೋಡಿದ್ದೆ. ಒಂದೂ ಹೆಸರು ತಾಳೆ ಆಗಿರ್ಲಿಲ್ಲ” ಎಂದು ನಡುಗುವ ದನಿಯಲ್ಲಿ ಪಟ್ಟಿ ತೋರಿಸಿದ. ನಿಜವಾಗಿಯೂ ಹೋಲಿಸಿದ್ದ. ಕೊಪ್ಪದ ಟೇಬಲ್ ಹೆಸರುಗಳೆಲ್ಲ ಸಣ್ಣ ಅಕ್ಷರದಲ್ಲಿದ್ದವು, ಶೃಂಗೇರಿಯವು ದೊಡ್ಡ ಅಕ್ಷರದಿಂದ ಶುರುವಾಗುತ್ತಿದ್ದವು. ಶೃಂಗೇರಿಯ ಸರ್ವರ್ ಲಿನಕ್ಸ್. ಅಲ್ಲಿ ಡೇಟಾಬೇಸ್ ನಡೆಸುವ ಮೈಎಸ್‌ಕ್ಯುಎಲ್ ಸಣ್ಣಕ್ಷರ ದೊಡ್ಡಕ್ಷರಗಳನ್ನು ಬೇರೆ ಬೇರೆ ಎಂದೇ ಎಣಿಸುತ್ತದೆ, ಎರಡೂ ಪಕ್ಕಪಕ್ಕ ಬದುಕುತ್ತವೆ. ಕೊಪ್ಪದ್ದು ವಿಂಡೋಸ್. ಅಲ್ಲಿ ಅದೇ ಮೈಎಸ್‌ಕ್ಯುಎಲ್‌ಗೆ ಎರಡೂ ಒಂದೇ ಹೆಸರು. ಹುಡುಗನ ಪಟ್ಟಿ ಸರಿಯಿತ್ತು, ನೆಲ ಬೇರೆಯಿತ್ತು.

ಇನ್ನೊಂದು ಸಂಗತಿ ಅದಕ್ಕಿಂತ ಘೋರ. ಮೈಎಸ್‌ಕ್ಯುಎಲ್‌ನಿಂದ ಡಂಪ್, ಅಂದರೆ ಡೇಟಾಬೇಸ್‌ನ ನಕಲು ಕಡತ, ತೆಗೆದಾಗ ಪ್ರತಿ ಟೇಬಲ್‌ನ ಮುಂದೆ ‘ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್’ ಎಂಬ ಸಾಲು ತಾನಾಗಿಯೇ ಸೇರಿಕೊಳ್ಳುತ್ತದೆ: ಈ ಹೆಸರಿನ ಟೇಬಲ್ ಇದ್ದರೆ ಮೊದಲು ಅಳಿಸು, ಆಮೇಲೆ ಹೊಸದು ಕಟ್ಟು. ಸಾಲದ ಟೇಬಲ್ ಮೆಂಬರ್ಸ್ ಟೇಬಲ್‌ಗೆ ಫಾರಿನ್ ಕೀ ಮೂಲಕ ಕಟ್ಟಿಹಾಕಿಕೊಂಡಿತ್ತಲ್ಲ, ಅದು ತಡೆಯಬೇಕಿತ್ತಲ್ಲ ಎಂದು ತಿಳಿದವರು ಕೇಳಬಹುದು. ಡಂಪ್ ಕಡತದ ಮೊದಲ ಕೆಲವು ಸಾಲುಗಳಲ್ಲೇ ಆ ಕಾವಲನ್ನು ತಾತ್ಕಾಲಿಕವಾಗಿ ಎಬ್ಬಿಸಿ ಕಳಿಸುವ ಆದೇಶವಿರುತ್ತದೆ. ಕೊಪ್ಪದ ಸದಸ್ಯರು ಅಳಿದರು. ಅದೇ ಜಾಗದಲ್ಲಿ, ಅದೇ 1, 2, 3 ನಂಬರುಗಳಲ್ಲಿ ಶೃಂಗೇರಿಯ ಸದಸ್ಯರು ಬಂದು ಕುಳಿತರು. ಸಾಲದ ಟೇಬಲ್‌ಗೆ ಏನೂ ಗೊತ್ತಾಗಲಿಲ್ಲ. 412ನೇ ಸದಸ್ಯನನ್ನು ಕೇಳಿತು, 412ನೇ ಸದಸ್ಯ ಸಿಕ್ಕ.

ಯೂಸರ್ಸ್ ಟೇಬಲ್ಲೂ ಹೋಗಿತ್ತು. ಕೊಪ್ಪದ ಸಿಬ್ಬಂದಿಯ ಒಂದು ಪಾಸ್‌ವರ್ಡೂ ಉಳಿದಿರಲಿಲ್ಲ. ಬೆಳಿಗ್ಗೆ ಒಳಗೆ ಹೋದವರು ಮಾತ್ರ ಇನ್ನೂ ಒಳಗಿದ್ದರು, ಹೊರಗೆ ಬಂದರೆ ಮತ್ತೆ ಬಾಗಿಲಿಲ್ಲ. ಅದಕ್ಕೇ ಆ ಕೂಗು.

ಅಷ್ಟರಲ್ಲಿ ಕರೆಂಟು ಹೋಯಿತು.

ಯುಪಿಎಸ್ ಕೀಚ್ ಎಂದು ಕೂಗತೊಡಗಿತು. ಬ್ಯಾಟರಿ ಹಳೆಯದು. ಕಾರ್ಯದರ್ಶಿಗಳು ಟಾರ್ಚು ಹಿಡಿದು ಬಂದವರು, “ಎಂತ ಆಯ್ತು? ನಾಳೆ ಬೆಳಿಗ್ಗೆ ಮೈಲುತುತ್ತ ಕೊಡ್ಬೇಕು, ಜನ ಬರ್ತಾರೆ” ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಮಳೆ ಹೀಗೇ ಹಿಡಿದರೆ ಅಡಿಕೆಗೆ ಕೊಳೆರೋಗ ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದವರು 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಬಿಡುವು ತಪ್ಪಿದರೆ ಕಾಯಿ ನೆಲಕ್ಕೆ. ಆ ಮೈಲುತುತ್ತವನ್ನು ಸಾಲದ ಮೇಲೆ ಕೊಡಬೇಕಾದರೆ ಸದಸ್ಯ ಯಾರು, ಹಳೆ ಬಾಕಿ ಎಷ್ಟು ಎಂದು ಗೊತ್ತಿರಬೇಕು. ಇನ್ನು ರಿಸೀಟ್ಸ್ ಟೇಬಲ್! ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಬೆಳೆ ಸಾಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕಟ್ಟಿದ ರಸೀದಿಯೇ ಕಂಪ್ಯೂಟರಿನಲ್ಲಿ ಇಲ್ಲವೆಂದರೆ, ನಿಯತ್ತಾಗಿ ಕಟ್ಟಿದ ರೈತ ಸುಸ್ತಿದಾರನಾಗಿ ನಿಲ್ಲುತ್ತಾನೆ.

ಉಳಿದಿದ್ದು ಒಂದೇ ದಾರಿ. ಮೈಎಸ್‌ಕ್ಯುಎಲ್ ತಾನು ಮಾಡಿದ ಪ್ರತಿ ಬದಲಾವಣೆಯನ್ನೂ ಬೈನರಿ ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಹಳೆಯ ಪೂರ್ತಿ ಬ್ಯಾಕಪ್ ಒಂದಿದ್ದರೆ, ಅದರ ಮೇಲೆ ಈ ಲಾಗನ್ನು ಮತ್ತೆ ಓಡಿಸಿ, ಅಳಿಸುವ ಆದೇಶ ಬಂದ ಸ್ಥಾನಕ್ಕೆ ಸರಿಯಾಗಿ ಮುಂಚೆ ನಿಲ್ಲಿಸಬಹುದು. ಆದರೆ ಡಿಸ್ಕ್ ಚಿಕ್ಕದೆಂದು ಆ ಸರ್ವರಿನಲ್ಲಿ ಲಾಗ್‌ಗಳ ಆಯಸ್ಸನ್ನು ತೀರಾ ಕಡಿಮೆ ಇಟ್ಟಿದ್ದರು. ಅವಧಿ ಮೀರಿದ ಲಾಗ್‌ಗಳನ್ನು ಮೈಎಸ್‌ಕ್ಯುಎಲ್ ಅಳಿಸುವ ಸಮಯಗಳಲ್ಲಿ ಒಂದು, ಸರ್ವರ್ ಮತ್ತೆ ಶುರುವಾಗುವ ಗಳಿಗೆ. ಅಂದರೆ ಬ್ಯಾಟರಿ ಸತ್ತು, ಕರೆಂಟು ಬಂದು, ಯಂತ್ರ ತಾನಾಗಿ ಎದ್ದರೆ, ನಮ್ಮನ್ನು ಬದುಕಿಸಬೇಕಾದ ಕಡತಗಳನ್ನು ಅದೇ ನುಂಗಿಬಿಡುತ್ತಿತ್ತು.

ಪೆನ್‌ಡ್ರೈವ್! ಯಾರದೋ ಮಗಳ ಮದುವೆ ಫೋಟೋ ಇದ್ದ ಪೆನ್‌ಡ್ರೈವ್ ಸಿಕ್ಕಿತು. ಚುಚ್ಚಿದೆ. ಕಡತಗಳನ್ನು ಆರಿಸಿ ನಕಲಿಗೆ ಹಾಕಿದೆ. ಹಸಿರು ಪಟ್ಟಿ ತೆವಳತೊಡಗಿತು. ಯುಪಿಎಸ್‌ನ ಕೂಗಿನ ನಡುವಿನ ಬಿಡುವು ಕಡಿಮೆಯಾಗುತ್ತ ಬಂತು. ಅರ್ಧವಾಯಿತು. ಮುಕ್ಕಾಲಾಯಿತು. ಕೂಗು ಈಗ ಬಿಡುವಿಲ್ಲದ ಒಂದೇ ಎಳೆ. ಕೊನೆಯ ಕಡತ ಮುಗಿದು, ಪೆನ್‌ಡ್ರೈವ್ ಕಿತ್ತು, ಸರ್ವರನ್ನು ಕ್ರಮವಾಗಿ ಆರಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಕಾರ್ಯದರ್ಶಿಗಳು ಗೋಡೆಯ ಸ್ವಿಚ್ಚನ್ನು ಆರಿಸಿ, ಅದರ ಮೇಲೆ ಕಾಗದ ಅಂಟಿಸಿದರು: ಯಾರೂ ಹಾಕಬಾರದು.

ಬ್ಯಾಕಪ್ ಇತ್ತು. ಕೊಪ್ಪದಲ್ಲಿರಲಿಲ್ಲ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಾರದೆಂದು ವಾರಕ್ಕೊಮ್ಮೆ ಬ್ಯಾಕಪ್ ಡಿಸ್ಕನ್ನು ನರಸಿಂಹರಾಜಪುರದ ಕಚೇರಿಯ ಬೀರುವಿನಲ್ಲಿ ಇಡುತ್ತಿದ್ದರು. ಆ ನಿಯಮ ಮಾಡಿದವರಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಇಂಟರ್‌ನೆಟ್ ಸತ್ತಿತ್ತು. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿತ್ತು. ಹೋಗಲೇಬೇಕು. 20 ಕಿಲೋಮೀಟರ್ ಆಸುಪಾಸಿನ ದಾರಿ, ಬೇಸಿಗೆಯಲ್ಲಿ ಅರ್ಧ ಗಂಟೆಯದು.

ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯ ಒಳಜೇಬಿಗೆ ಹಾಕಿ, ಲ್ಯಾಪ್‌ಟಾಪನ್ನು ಗೊಬ್ಬರದ ಖಾಲಿ ಚೀಲದೊಳಗಿಟ್ಟು ಸಂಘದ ಜೀಪು ಹತ್ತಿದೆ. ಹುಡುಗನೂ ಹತ್ತಿದ. ವೈಪರ್ ಒರೆಸಿದಷ್ಟೂ ನೀರು. ರಸ್ತೆ ಯಾವುದು ಚರಂಡಿ ಯಾವುದು ತಿಳಿಯದ ತಿರುವುಗಳಲ್ಲಿ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಓಡಿಸಿದರು. ಅರ್ಧ ದಾರಿಯಲ್ಲಿ ಗಕ್ಕನೆ ಬ್ರೇಕು. ಹೆಬ್ಬಲಸಿನ ಮರ ರಸ್ತೆಗೆ ಅಡ್ಡ ಮಲಗಿತ್ತು, ಕರೆಂಟಿನ ತಂತಿಯನ್ನೂ ಎಳೆದುಕೊಂಡು.

“ಲೈನ್ ಆಫ್ ಆಗಿದ್ಯಾ ನೋಡಿ! ಮುಟ್ಬೇಡಿ!” ಆ ಕಡೆಯಿಂದ ಯಾರೋ ಕೂಗಿದರು. ಲೈನ್‌ಮನ್‌ಗೆ ಫೋನು ಮಾಡಿ ಖಾತ್ರಿ ಆಗುವ ತನಕ ಮಳೆಯಲ್ಲಿ ನಿಂತೆವು. ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾಗಿದ್ದು ರಕ್ತ ಹರಿದ ಮೇಲೆ. ಊರಿನ ನಾಲ್ಕೈದು ಜನ ಮರ ಕೊಯ್ಯುವ ಯಂತ್ರ, ಕತ್ತಿ ತಂದರು. ಜೀಪು ದಾಟಲು ಹೊತ್ತಾಗುತ್ತದೆಂದು ಗೊತ್ತಾದಾಗ ನಾನು ಮತ್ತು ಹುಡುಗ ಕೊಂಬೆಗಳ ಅಡಿ ನುಸುಳಿ ಆ ಬದಿಗೆ ಹೋದೆವು. ಅಲ್ಲಿ ಸಿಕ್ಕಿಬಿದ್ದಿದ್ದ ಪಿಕಪ್ ವಾಹನದವರು ತಿರುಗಿಸಿಕೊಂಡು ನಮ್ಮನ್ನು ನರಸಿಂಹರಾಜಪುರಕ್ಕೆ ಮುಟ್ಟಿಸಿದರು. ಯಾಕೆ, ಏನು ಎಂದು ಕೇಳಲಿಲ್ಲ. ಸಂಘದ ಲೆಕ್ಕ ಎಂದಿದ್ದಕ್ಕೇ ಅವರಿಗೆ ಸಾಕಾಯಿತು.

ಭದ್ರೆಯ ಹಿನ್ನೀರಿನ ಮೇಲಿಂದ ಬೀಸುವ ಗಾಳಿ ಕಚೇರಿಯ ಕಿಟಕಿಗಳನ್ನು ಅಲುಗಿಸುತ್ತಿತ್ತು. ಇನ್ವರ್ಟರಿನಲ್ಲಿ ಜೀವವಿತ್ತು. ಬೀರು ತೆಗೆಸಿ, ಡಿಸ್ಕ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಖಾಲಿ ಡೇಟಾಬೇಸ್ ಕಟ್ಟಿ ಬ್ಯಾಕಪ್ ಸುರಿಯಲು ಶುರುಮಾಡಿದೆ. ಬ್ಯಾಕಪ್ ತೆಗೆದವರು ಜಾಣರು. ಆ ಗಳಿಗೆಯಲ್ಲಿ ಯಾವ ಲಾಗ್ ಕಡತ, ಅದರಲ್ಲಿ ಯಾವ ಸ್ಥಾನ ಎಂಬುದು ಡಂಪ್‌ನ ತಲೆಯಲ್ಲೇ ಟಿಪ್ಪಣಿಯಾಗಿ ಇತ್ತು. ಎಲ್ಲಿಂದ ಓಡಿಸಬೇಕೆಂಬುದು ಸಿಕ್ಕಿತು. ಎಲ್ಲಿ ನಿಲ್ಲಿಸಬೇಕು?

ಲಾಗನ್ನು ಓದುವ ಅಕ್ಷರಕ್ಕೆ ಇಳಿಸಿ ಹುಡುಕತೊಡಗಿದೆವು. ಸಾವಿರಾರು ಸಾಲು. ಹುಡುಗನ ಕಣ್ಣು ನನಗಿಂತ ಚುರುಕು. “ಅಣ್ಣ, ಇಲ್ಲಿ!” ಮೆಂಬರ್ಸ್ ಅಳಿಸಿದ ಸಾಲು. ಅಲ್ಲೇ ನಿಲ್ಲಿಸೋಣ ಎಂದು ಅವನು ಬೆರಳು ಕೀಲಿಯ ಮೇಲಿಟ್ಟಾಗ ನಾನು ಕೈ ಹಿಡಿದೆ. ಡಂಪ್‌ನಲ್ಲಿ ಟೇಬಲ್‌ಗಳು ಅಕಾರಾದಿಯಾಗಿ ಬರುತ್ತವೆ. ಮೆಂಬರ್ಸ್‌ಗಿಂತ ಮೊದಲು ಇನ್ನೇನಾದರೂ ಅಳಿದಿದ್ದರೆ? ಮೇಲೆ ಹೋದೆವು. ಇತ್ತು. ‘ಅಕೌಂಟ್ಸ್’. ಅದೂ ಎರಡರಲ್ಲೂ ಇದ್ದ ಹೆಸರು, ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಅದಕ್ಕೂ ಮೇಲಿನ ಸ್ಥಾನವನ್ನು ಕಾಗದದಲ್ಲಿ ಬರೆದುಕೊಂಡು, ಇಬ್ಬರೂ ಅಂಕಿ ಅಂಕಿ ಓದಿ ಹೇಳಿ, ಲಾಗ್ ಓಡಿಸಿದೆವು. ಮೈಎಸ್‌ಕ್ಯುಎಲ್‌ನಲ್ಲಿ ಟೇಬಲ್ ಅಳಿಸುವ ಆದೇಶವನ್ನು ರೋಲ್‌ಬ್ಯಾಕ್ ಮಾಡಲು ಬರುವುದಿಲ್ಲ. ಪೋಸ್ಟ್‌ಗ್ರೆಸ್ ಆಗಿದ್ದರೆ, ಇಡೀ ಆಮದನ್ನು ಒಂದು ಟ್ರಾನ್ಸಾಕ್ಷನ್ ಒಳಗಿಟ್ಟು ಹಿಂದೆಗೆಯಬಹುದಿತ್ತು. ಇಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಮತ್ತೆ ಮೊದಲಿಂದ.

ಓಡಿತು. ನಿಂತಿತು. ಸದಸ್ಯರ ಪಟ್ಟಿ ತೆರೆದೆ. ಕೊಪ್ಪದ ಹೆಸರುಗಳು!

ಆದರೂ ನಂಬಿಕೆ ಸಾಲದು. ಕೊಪ್ಪಕ್ಕೆ ಫೋನು ಹಚ್ಚಿದೆವು. ಗುಮಾಸ್ತರು ಮೇಣದಬತ್ತಿ ಬೆಳಕಿನಲ್ಲಿ ಹಿಂದಿನ ದಿನದ ಡೇ ಬುಕ್ ತೆರೆದು ಅಖೈರು ಶಿಲ್ಕು ಓದಿದರು. ನಾನು ಲ್ಯಾಪ್‌ಟಾಪಿನಲ್ಲಿ ಕೂಡಿಸಿದೆ. ಪೈಸೆ ಪೈಸೆ ತಾಳೆಯಾಯಿತು. ಫೋನಿನ ಆ ತುದಿಯಲ್ಲಿ ಅವರು ಉಸಿರು ಬಿಟ್ಟಿದ್ದು ಕೇಳಿಸಿತು.

ಉಳಿದದ್ದು ಶೃಂಗೇರಿ. ಆಮದಿನ ನಂತರ ಅಲ್ಲಿನವರು ಕೊಪ್ಪದ ಸರ್ವರಿಗೇ ಕೆಲವು ರಸೀದಿ ಹಾಕಿದ್ದರು, ಅಷ್ಟರಲ್ಲಿ ಲೈನು ಹೋಗಿತ್ತು. ಆ ರಸೀದಿಗಳು ನಾವು ನಿಲ್ಲಿಸಿದ ಸ್ಥಾನದ ಆಚೆಗಿದ್ದವು. ತುಂಗೆ ಏರಿ ಗಾಂಧಿ ಮೈದಾನಕ್ಕೆ ನೀರು ಬಂದಿದೆ, ಈ ಹೊತ್ತಲ್ಲಿ ಯಾರೂ ಹೊರಡಬೇಡಿ ಎಂದರು ಅಲ್ಲಿಯ ಮ್ಯಾನೇಜರ್. ರಸೀದಿ ಪುಸ್ತಕವನ್ನು ಮನೆಗೆ ತಂದಿಟ್ಟುಕೊಂಡಿದ್ದ ಪುಣ್ಯಾತ್ಮರು ಅವರು. ಸಿಗ್ನಲ್ ಬಂದಾಗ ಬಂದಷ್ಟು ಓದಿದರು: ನಂಬರು, ಹೆಸರು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಮೊತ್ತ ಎಷ್ಟು. ಕಡಿದುಹೋದಲ್ಲಿ ಮತ್ತೆ ಹಚ್ಚಿ, ಹಿಂದಿನ ನಂಬರಿನಿಂದ. ಕೊಪ್ಪದ್ದು ಸುಲಭವಾಯಿತು. ರಿಸೀಟ್ಸ್ ಟೇಬಲ್‌ನ ಕಾಲಂಗಳು ಬದಲಾಗಿದ್ದರಿಂದ ಮಧ್ಯಾಹ್ನದ ಮೇಲೆ ಅಲ್ಲಿ ಒಂದು ರಸೀದಿಯೂ ಸೇವ್ ಆಗಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಕ್ಯಾಷಿಯರ್ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆದಿದ್ದರು. ರಿಸೀಟ್ಸ್ ಟೇಬಲ್ ಎರರ್ ಕೊಟ್ಟಿತು, ಲೆಕ್ಕ ಕಾಗದದಲ್ಲಿ ಉಳಿಯಿತು. ಕಾಲಂಗಳು ತಾಳೆಯಾದ ಮೆಂಬರ್ಸ್ ಎರರ್ ಕೊಡಲಿಲ್ಲ, ಅದೇ ನಮ್ಮನ್ನು ಮುಳುಗಿಸುತ್ತಿತ್ತು. ಇದೇ ಜಾತಿಯ ಇನ್ನೊಂದು ಆದೇಶ ‘ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್’. ಹೆಸರು ಇದ್ದರೆ ಅದು ಹೊಸದು ಕಟ್ಟದೆ ಸುಮ್ಮನೆ ಮುಂದೆ ಹೋಗುತ್ತದೆ, ಹೊಸ ತಂತ್ರಾಂಶ ಪರರ ಟೇಬಲ್‌ನಲ್ಲಿ ಬರೆಯತೊಡಗುತ್ತದೆ. ನನಗೆ ಕೇಳಿದರೆ ಹೆಸರಿನ ಘರ್ಷಣೆಯಲ್ಲಿ ಕಿರುಚುವುದು ಮಿತ್ರ, ಮೌನವಾಗಿರುವುದು ಶತ್ರು.

ಆ ರಾತ್ರಿ ಇನ್ನೊಂದು ನೋಟ ಕಂಡಿತು. ಇಷ್ಟೆಲ್ಲ ಅಳಿದ ಅದೇ ಡೇಟಾಬೇಸ್‌ನಲ್ಲಿ ಒಂದು ಗುಂಪಿನ ಟೇಬಲ್‌ಗಳಿಗೆ ಕೂದಲೂ ಕೊಂಕಿರಲಿಲ್ಲ. ಸಂಘದ ವೆಬ್‌ಸೈಟ್ ವರ್ಡ್‌ಪ್ರೆಸ್‌ನದ್ದು. ಅದರಲ್ಲೂ ಯೂಸರ್ಸ್ ಟೇಬಲ್ ಇತ್ತು, ಆದರೆ ಹೆಸರಿನ ಮುಂದೆ ‘ಡಬ್ಲ್ಯೂಪಿ’ ಎಂಬ ಎರಡಕ್ಷರ ಮತ್ತು ಒಂದು ಅಡಿಗೆರೆ. ಇಂಥವೇ ಜಾಲತಾಣ ತಂತ್ರಾಂಶಗಳಾದ ಮೂಡಲ್ ‘ಎಂಡಿಎಲ್’ ಎಂಬುದನ್ನೂ, ಪಿಎಚ್‌ಪಿಬಿಬಿ ತನ್ನ ಹೆಸರನ್ನೇ ಹೀಗೆ ಮುಂದಿಡುತ್ತವೆ. ಒಂದೇ ಡೇಟಾಬೇಸ್‌ನಲ್ಲಿ ಪರರೊಂದಿಗೆ ಬದುಕಬೇಕಾಗಬಹುದೆಂದು ಮೊದಲೇ ಯೋಚಿಸಿದವರ ಕೆಲಸ ಅದು.

“ಹಾಗಾದ್ರೆ ನಾವೂ ಪ್ರಿಫಿಕ್ಸ್ ಹಾಕಿಬಿಡುವ ಅಣ್ಣ” ಎಂದ ಹುಡುಗ. ಅಷ್ಟು ಸುಲಭವಲ್ಲ. ಟೇಬಲ್‌ಗೆ ಹೊಸ ಹೆಸರಿಡುವುದು ಕ್ಷಣದ ಕೆಲಸ. ಆದರೆ ಹಳೆ ಹೆಸರನ್ನು ಹಿಡಿದು ಬರೆದ ವ್ಯೂಗಳು, ಸ್ಟೋರ್ಡ್ ಪ್ರೊಸೀಜರ್‌ಗಳು ತಾವಾಗಿ ಬದಲಾಗುವುದಿಲ್ಲ, ತಂತ್ರಾಂಶದ ಹೊಟ್ಟೆಯೊಳಗೆ ಬರೆದ ಹೆಸರುಗಳಂತೂ ಇಲ್ಲವೇ ಇಲ್ಲ. ಫಾರಿನ್ ಕೀ ನಿರ್ಬಂಧಗಳ ಹೆಸರು ಮೈಎಸ್‌ಕ್ಯುಎಲ್‌ನ ಒಂದು ಡೇಟಾಬೇಸ್‌ನಲ್ಲಿ ಒಮ್ಮೆ ಮಾತ್ರ ಬರಬೇಕು. ಟೇಬಲ್ ಹೆಸರು ಬೇರೆಯಾದರೂ ಎರಡೂ ಕಡೆ ‘ಎಫ್‌ಕೆ ಮೆಂಬರ್’ ಇದ್ದರೆ ಅಲ್ಲೇ ತಡೆಯುತ್ತದೆ. ವರ್ಡ್‌ಪ್ರೆಸ್‌ನಲ್ಲೂ ಪ್ರಿಫಿಕ್ಸ್ ಟೇಬಲ್ ಹೆಸರಿನಲ್ಲಿ ಮಾತ್ರವಲ್ಲ, ಬಳಕೆದಾರರ ಅಧಿಕಾರ ಹೇಳುವ ಸಾಲುಗಳ ಒಳಗೂ ಕುಳಿತಿರುತ್ತದೆ. ಟೇಬಲ್ ಹೆಸರು ಬದಲಿಸಿ ಅದನ್ನು ಬಿಟ್ಟರೆ, ಅಡ್ಮಿನ್ ಎಂದು ಒಳಬಂದವರಿಗೇ ಅನುಮತಿ ಇಲ್ಲ ಎಂಬ ಉತ್ತರ ಸಿಗುತ್ತದೆ.

ಭೂದಾಖಲೆಯವರು ಈ ತೊಡಕನ್ನು ಹೇಗೆ ಬಿಡಿಸಿದ್ದಾರೆ ನೋಡು ಎಂದೆ. ಸರ್ವೆ ನಂಬರ್ 42 ಕೊಪ್ಪದ ಹಳ್ಳಿಯಲ್ಲೂ ಇದೆ, ಶೃಂಗೇರಿಯ ಹಳ್ಳಿಯಲ್ಲೂ ಇದೆ. ಅವರ ‘ಭೂಮಿ’ ತಂತ್ರಾಂಶದಲ್ಲಿ ಪಹಣಿ ತೆಗೆಯುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆಯೇ ಸರ್ವೆ ನಂಬರ್ ಕೇಳುತ್ತದೆ. ಕೊಪ್ಪ ಎಂಬ ಊರು ಮದ್ದೂರು ತಾಲ್ಲೂಕಿನಲ್ಲೂ ಇದೆ, ಪಿರಿಯಾಪಟ್ಟಣದ ಕಡೆಯೂ ಇದೆ. ಮೂರನ್ನೂ ಮರುನಾಮಕರಣ ಮಾಡುವ ಅಗತ್ಯ ಯಾರಿಗೂ ಬಿದ್ದಿಲ್ಲ. ಹೆಸರು ಹಾಗೇ ಇರಲಿ, ಮನೆ ಬೇರೆ ಮಾಡೋಣ.

ಬೆಳಗಿನ ಜಾವ ಮರ ತೆರವಾದ ಸುದ್ದಿ ಬಂತು. ಜೀಪು ಬಂದಿತು. ಕೊಪ್ಪಕ್ಕೆ ಮುಟ್ಟಿದಾಗ ಕಚೇರಿಯ ಜಗಲಿಯಲ್ಲಿ ಆಗಲೇ ಜನ, ಜನರೇಟರಿಗೆ ಡೀಸೆಲ್ ತುಂಬಿಸಿಯಾಗಿತ್ತು. ಮೂರು ತಂತ್ರಾಂಶಕ್ಕೆ ಮೂರು ಬೇರೆ ಸ್ಕೀಮಾ ಕಟ್ಟಿದೆವು. ಮೈಎಸ್‌ಕ್ಯುಎಲ್‌ನಲ್ಲಿ ಸ್ಕೀಮಾ ಎಂದರೂ ಡೇಟಾಬೇಸ್ ಎಂದರೂ ಒಂದೇ. ತಂತ್ರಾಂಶದಲ್ಲಿ ಬದಲಿಸಬೇಕಾದ್ದು ಸಂಪರ್ಕದ ಒಂದು ಸಾಲು. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಬಳಕೆದಾರ, ಅವನ ಅಧಿಕಾರ ಅವನ ಸ್ಕೀಮಾದ ಹೊಸ್ತಿಲಿಗೆ ಮುಗಿಯುತ್ತದೆ. ಆಡಳಿತ ಮಂಡಳಿಗೆ ಬೇಕಾಗಿದ್ದ ಒಟ್ಟು ವರದಿಗೆ ನಾಲ್ಕನೆಯದೊಂದು ಸ್ಕೀಮಾ. ಅದರಲ್ಲಿ ವ್ಯೂಗಳು ಮಾತ್ರ, ಅದರ ಬಳಕೆದಾರನಿಗೆ ಓದುವ ಅಧಿಕಾರ ಮಾತ್ರ. ಟೇಬಲ್ ಹೆಸರೆಲ್ಲ ಸಣ್ಣಕ್ಷರಕ್ಕೆ ಇಳಿಸಿದೆವು, ನಾಳೆ ಲಿನಕ್ಸಿಗೆ ಹೋದರೂ ಬೇರೆ ರೂಪ ತಾಳಬಾರದು.

ಒಬ್ಬನೇ ರೈತ ಕೊಪ್ಪದಲ್ಲಿ ಸಾಲಗಾರ, ಶೃಂಗೇರಿಯಲ್ಲಿ ಅಡಿಕೆ ಹಾಕುವವ, ನರಸಿಂಹರಾಜಪುರದಲ್ಲಿ ಗೊಬ್ಬರ ಒಯ್ಯುವವ ಆಗಿರಬಹುದು. ಆ ಮೂವರನ್ನು ಒಬ್ಬನೆಂದು ಗುರುತಿಸುವ ಕೆಲಸ ಬೇರೆಯೇ, ಟೇಬಲ್ ಹೆಸರಿನಿಂದ ಅದು ಬಗೆಹರಿಯುವುದಿಲ್ಲ. ಅದನ್ನು ಮುಂದಕ್ಕಿಟ್ಟೆವು. ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಿ ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿದ ಯೋಜನೆ 63,000 ಸಂಘಗಳದ್ದು, 2,516 ಕೋಟಿ ರೂಪಾಯಿಯದ್ದು. ಊರೂರಿನ ಹಳೆ ಲೆಕ್ಕಗಳಲ್ಲಿ ಇನ್ನೆಷ್ಟು ಮೆಂಬರ್ಸ್ ಟೇಬಲ್‌ಗಳು ಇರಬಹುದೆಂದು ಯೋಚಿಸಿದರೆ ನನಗೆ ನಿದ್ದೆ ಹಾರುತ್ತದೆ. ಅವುಗಳನ್ನು ಸುರಿಯುವ ಮುನ್ನ ಯಾರಾದರೂ ಆ ಡಂಪ್‌ನ ಮೊದಲ ಪುಟ ಓದಲಿ.

ಕೌಂಟರ್ ತೆರೆಯುವ ಮೊದಲು ಒಂದು ಪರೀಕ್ಷೆ ಉಳಿದಿತ್ತು. ಹಿಂದಿನ ಮಧ್ಯಾಹ್ನದ ಅದೇ ಡಂಪ್ ಕಡತವನ್ನು, ಶೃಂಗೇರಿಯ ಬಳಕೆದಾರನ ಹೆಸರಿನಲ್ಲಿ, ಕೊಪ್ಪದ ಸ್ಕೀಮಾದ ಮೇಲೆ ಬೇಕೆಂದೇ ಓಡಿಸಲು ಹುಡುಗನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ, ಕಾರ್ಯದರ್ಶಿಗಳ ಮುಖ ನೋಡಿದ, ಎಂಟರ್ ಒತ್ತಿದ.

ಎರರ್ 1044. ಈ ಬಳಕೆದಾರನಿಗೆ ಈ ಡೇಟಾಬೇಸ್‌ಗೆ ಪ್ರವೇಶವಿಲ್ಲ.

“ಸರಿ, ಮೊದಲನೆಯವರನ್ನು ಕರೀರಿ” ಎಂದರು ಕಾರ್ಯದರ್ಶಿಗಳು.